ಮಾರುವವನ ಮೌನ

ನನ್ನ ಹಳೆಯ ಶಿಷ್ಯರೊಬ್ಬರು ಈಚೆಗೆ ಒಂದು ಧರ್ಮಸಂದೇಹವನ್ನು ಹೊತ್ತು ಮನೆಗೆ ಬಂದಿದ್ದರು. ಅವರಲ್ಲಿ ಬಹು ಬೆಲೆಯ ಜರ್ಮನ್ ಮೋಟಾರು ಕಾರೊಂದುಂಟು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮಳೆಯಿಂದ ಜಲಾವೃತವಾದಾಗ ಅದು ಆಸನದ ಮಟ್ಟದವರೆಗೆ ನೀರಿನಲ್ಲಿ ನಿಂತಿತ್ತು. ದುರಸ್ತಿಯಾಗಿ ಈಗ ಸೊಗಸಾಗಿ ಓಡುತ್ತಿದೆ. ದಲ್ಲಾಳಿಯ ನೆರವಿಲ್ಲದೆ ತಾವೇ ಮಾರಲು ನಿಶ್ಚಯಿಸಿದ್ದಾರೆ. ಕೊಳ್ಳಬಂದವರು ಬಣ್ಣವನ್ನು ಮೆಚ್ಚಿದರು, ಓಡಿಸಿ ನೋಡಿದರು. ನೀರಿನ ಮಾತನ್ನು ಎತ್ತಲೇ ಇಲ್ಲ. “ಕೇಳದುದನ್ನು ಹೇಳಬೇಕೆ, ಮೇಷ್ಟ್ರೆ?” ಎಂಬುದೇ ಅವರ ಪ್ರಶ್ನೆ.

ಕಾನೂನು ಮೇಲುನೋಟಕ್ಕೆ ಅವರ ಪಕ್ಷದಲ್ಲಿದೆ. ೧೮೭೨ರ ಕರಾರು ಕಾಯಿದೆಯ ೧೭ನೆಯ ಕಲಮಿನಂತೆ, ನುಡಿಯುವ ಹೊಣೆಯಿಲ್ಲದ ಕಡೆ ಬರಿಯ ಮೌನವು ವಂಚನೆಯಲ್ಲ. ಆದರೆ ತಿಳಿದ ಸಂಗತಿಯನ್ನು ಪ್ರಯತ್ನಪೂರ್ವಕವಾಗಿ ಮರೆಮಾಡುವುದನ್ನು ಅದೇ ಕಲಮು ವಂಚನೆಯೆಂದು ಎಣಿಸುತ್ತದೆ. ಕಲೆಯಾದ ನೆಲಹಾಸನ್ನು ಬದಲಿಸುವುದು ದುರಸ್ತಿಯೋ ಮರೆಮಾಚುವಿಕೆಯೋ? ಅದನ್ನು ಬಲ್ಲುದು ಮಾರುವವನ ಮನಸ್ಸೊಂದೇ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಕೊಂಡವನಿಗೆ ಪರೀಕ್ಷಾಕಾಲವನ್ನು ವಿಧಿಸಿದೆ: ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧, ಹೊರೆ ಹೊರುವ ಎತ್ತು ಮೊದಲಾದುವಕ್ಕೆ ೫, ರತ್ನಕ್ಕೆ ೭, ಕರೆಯುವ ಹಸುವಿಗೆ ೩. ನಮ್ಮ ನಾಡಿನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಗೇ. ಒಂದೊಂದು ವಸ್ತುವಿಗೆ ಒಂದೊಂದು ಅವಧಿಯೇಕೆ? ದೋಷವು ಬಯಲಾಗಲು ಕಾಲ ಬೇಕೆಂಬುದೇ ಇದರ ಹುರುಳೆಂದು ನನ್ನ ಎಣಿಕೆ. ನೀರು ಹೊಕ್ಕ ಕಾರಿನಲ್ಲಾದರೋ ತಂತಿಗಳ ಕೊಂಡಿಗಳಿಗೆ ಹಿಡಿದ ಕಿಲುಬು ತಿಂಗಳುಗಳ ಮೇಲೆ ತನ್ನ ಕೆಲಸವನ್ನು ತೋರಿಸಬಹುದು. ಎತ್ತಿಗೆ ಸಾಕಾದ ೫ ದಿನ ಇದಕ್ಕೆ ಸಾಲದು. ಪರೀಕ್ಷೆಯು ಮುಟ್ಟಲಾರದೆಡೆ ಕೊಂಡವನಿಗೆ ಉಳಿಯುವ ಪ್ರಮಾಣವು ಮಾರುವವನ ಮಾತು ಮಾತ್ರ. ಅದನ್ನೂ ತಡೆಹಿಡಿದರೆ ಅವನು ಕಣ್ಣು ಕಟ್ಟಿಸಿಕೊಂಡು ಹಣ ಕೊಟ್ಟಂತೆ.

ಕೊಳ್ಳುವವರು ಧನಿಕರಲ್ಲವೆ ಎನ್ನಬಹುದು. ಧನವು ದೋಷವನ್ನು ತೊಳೆಯದು. ರಸ್ತೆಯ ನಡುವೆ ಯಂತ್ರವು ಕೈಕೊಟ್ಟರೆ ಅಪಾಯವು ಒಳಗಿರುವ ಮಕ್ಕಳಿಗೂ ಉಂಟು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ೧೯೭೦ರಲ್ಲಿ ಹಳೆಯ ಕಾರುಗಳನ್ನೇ ಉದಾಹರಣೆಯಾಗಿಟ್ಟು ತೋರಿಸಿದುದು ಮತ್ತೊಂದು ಅನ್ಯಾಯ: ಗುಪ್ತದೋಷಗಳ ಭಯದಿಂದ ಒಳ್ಳೆಯ ಕಾರಿಗೂ ತಕ್ಕ ಬೆಲೆ ದೊರೆಯದು. ಒಬ್ಬನ ಮೌನಕ್ಕೆ ಇನ್ನೊಬ್ಬ ಸತ್ಯವಂತನು ದಂಡ ತೆರುತ್ತಾನೆ.

ಹಾಗಾದರೆ ಪ್ರತಿಯೊಂದು ಗೀರನ್ನೂ ಹೇಳಬೇಕೆ? ಬೇಕಿಲ್ಲ. ಏನನ್ನು ತಿಳಿದರೆ ಕೊಳ್ಳುವವನು ಬೆಲೆಯನ್ನಾಗಲಿ ಮನಸ್ಸನ್ನಾಗಲಿ ಬದಲಿಸುವನೋ ಅದನ್ನು ಹೇಳಬೇಕು. ಯಾವುದನ್ನು ಹೇಳಲು ನಮ್ಮ ನಾಲಗೆ ಅಂಜುವುದೋ ಬಹುಮಟ್ಟಿಗೆ ಅದೇ ಅದು.

“ಹೇಳಿದರೆ ಲಕ್ಷಗಟ್ಟಲೆ ನಷ್ಟ” ಎಂದರು ಶಿಷ್ಯರು. “ನಷ್ಟವು ಮಳೆಯ ದಿನವೇ ಆಗಿಹೋಯಿತಪ್ಪ, ಅದನ್ನು ಯಾರ ಮನೆಗೆ ಕಳುಹಿಸುವುದೆಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ” ಎಂದೆನು.