ಬಾಣಂತನ ಯಾರು ಮಾಡಿದರು?

2018ರಲ್ಲಿ ಮಗಳು ಹುಟ್ಟಿದಾಗ ನನಗೆ ಮೂವತ್ತೇಳು. ಅದಕ್ಕೆ ಮುಂಚೆ ವಾರಕ್ಕೆ ಮೂರು ದಿನ ಪುಣೆಯ ವೇತಾಳ ಟೇಕಡಿ ಹತ್ತಿ ಇಳಿಯುತ್ತಿದ್ದೆ. ಹೆರಿಗೆಯಾದ ಐದನೇ ವಾರಕ್ಕೇ ಮತ್ತೆ ಶೂ ಕಟ್ಟಿದೆ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ಹಸಿ ಮೈ ಐತಿ, ಎಲ್ಲಿಗೆ ಹೊಂಟಿ?”

ಕೇಳಲಿಲ್ಲ. ಸೊಸೈಟಿಯ ಗೇಟಿನ ತನಕ ಓಡಿದೆ. ಒಂದು ಕೆಮ್ಮು ಬಂತು, ಬಟ್ಟೆ ಒದ್ದೆಯಾಯಿತು. ವಾಪಸು ಬಂದು ಬಾತ್‌ರೂಮಿನಲ್ಲಿ ಕೂತು ಅತ್ತೆ.

ಫಿಸಿಯೋಥೆರಪಿಸ್ಟ್ ನನ್ನನ್ನು ಮಲಗಿಸಿ, ತಲೆ ಸ್ವಲ್ಪ ಎತ್ತಿಸಿ, ಹೊಕ್ಕುಳ ಮೇಲೆ ಬೆರಳಿಟ್ಟು ನೋಡಿದರು. ಹೊಟ್ಟೆಯ ಎರಡು ಉದ್ದ ಸ್ನಾಯುಗಳ ನಡುವೆ ಮೂರು ಬೆರಳಿನ ಅಂತರವಿತ್ತು. ಮಗುವಿಗೆ ಜಾಗ ಮಾಡಿಕೊಡಲು ಹಿಗ್ಗಿದ್ದು ಅದು. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಸಾಕು. ಸ್ನಾಯುಗಳಿಗೆ ತಿಂಗಳುಗಳೇ ಬೇಕು. ಮೂರು ತಿಂಗಳು ಓಟದ ಮಾತೇ ಬೇಡ, ಉಸಿರು ಬಿಡುತ್ತಾ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿ ಹಿಡಿದು ಸಡಿಲಿಸಿ, ಹತ್ತು ನಿಮಿಷ ನಡೆಯಿರಿ ಎಂದರು. ಅವ್ವ ಮಲಗು ಎನ್ನುತ್ತಿದ್ದಳು, ಇವರು ನಡೆ ಎಂದರು. ಅವಸರ ಬೇಡ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಹತ್ತನೇ ತಿಂಗಳಿಗೆ ಟೇಕಡಿ ಹತ್ತಿದೆ. ನಿಮ್ಮ ಛಲ ದೊಡ್ಡದು ಎಂದರು ಆಫೀಸಿನವರು. ನಾನೂ ನಂಬಿದೆ.

ಮಗಳಿಗೆ ನಾಲ್ಕಾದಾಗ ನಮ್ಮ ಮನೆಗೆಲಸದವಳು ಹೆತ್ತಳು. ಅವಳೂ ಕನ್ನಡದವಳೇ, ಕಲಬುರಗಿ ಕಡೆಯವಳು. ಸರಿಯಾಗಿ ಒಂದು ತಿಂಗಳಿಗೆ ಬಂದು ಕುಕ್ಕರುಗಾಲಲ್ಲಿ ಕೂತು ನೆಲ ಒರೆಸತೊಡಗಿದಳು. ನಾನು ಕಾಲ್‌ನಲ್ಲಿದ್ದೆ. ಮುಗಿದ ಮೇಲೆ ಕೇಳಿದೆ, ಬಾಣಂತನ ಯಾರು ಮಾಡಿದರು?

“ಯಾರ್ ಮಾಡ್ತಾರ್ರೀ ಅಕ್ಕಾರ, ನಮ್ಮವ್ವ ಕೂಲಿಗೆ ಹೋಗ್ತಾಳ.”

ನಮ್ಮ ಭಾಷೆಯಲ್ಲಿ ಹೆರುವವಳು ಒಬ್ಬಳು, ಬಾಣಂತನ ಮಾಡುವವಳು ಇನ್ನೊಬ್ಬಳು. ತನ್ನ ಬಾಣಂತನವನ್ನು ತಾನೇ ಮಾಡಿಕೊಂಡಳು ಎಂದರೆ ಅದು ಹೊಗಳಿಕೆಯಲ್ಲ, ಮರುಕ. ನನ್ನ ವ್ಯಾಯಾಮವನ್ನು ನಾನೇ ಮಾಡಿದೆ, ನಿಜ. ಆದರೆ ಆ ಅರ್ಧ ಗಂಟೆ ನನ್ನದಾಗಿದ್ದು ಅವ್ವ ಮಗುವನ್ನು ಎತ್ತಿಕೊಂಡಿದ್ದರಿಂದ, ಬಿಸಿನೀರು ಕಾಸಿ ಎರೆದು ಅಂಟಿನುಂಡಿ ಕಟ್ಟಿದ್ದರಿಂದ. 2017ರ ತಿದ್ದುಪಡಿ ಕೊಟ್ಟ 26 ವಾರದ ಸಂಬಳದ ರಜೆಯೂ ಅದರಲ್ಲಿದೆ. ಛಲ ಬಂದಿದ್ದು ಇವೆಲ್ಲದರ ಆಮೇಲೆ.

ಹೆರಿಗೆಯಾದ ಆರು ವಾರ ಹೆಂಗಸನ್ನು ಕೆಲಸಕ್ಕೆ ಹಚ್ಚಬಾರದೆಂದು 1961ರ ಕಾಯ್ದೆಯೇ ಹೇಳಿತ್ತು. ಹೇಳಿದ್ದು ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ. ನನ್ನ ಅಡುಗೆಮನೆ ಅದರಲ್ಲಿ ಬರುವುದಿಲ್ಲ. ಟೀಮಿನಲ್ಲಿ ಯಾರಾದರೂ ಗರ್ಭಿಣಿ ಎಂದರೆ ಆರು ತಿಂಗಳ ಮುಂಚೆಯೇ ಪ್ಲಾನ್ ಮಾಡುವ ನಾನು, ಇವಳ ಹೊಟ್ಟೆ ದಿನವೂ ಕಣ್ಣೆದುರಿಗಿದ್ದರೂ ಒಂದು ವಾರದ ಪ್ಲಾನ್ ಸಹ ಮಾಡಿರಲಿಲ್ಲ.

ಹಿಂದಿನವರು ಹೊಲದಲ್ಲೇ ಹೆತ್ತು ಸಂಜೆಗೆ ಕಳೆ ಕೀಳುತ್ತಿದ್ದರು, ಅವರ ಮೈಯೇ ಗಟ್ಟಿ ಎಂದು ಹೇಳುವವರಿದ್ದಾರೆ. ನನ್ನ ಅಜ್ಜಿಗೆ ಗರ್ಭಕೋಶ ಜಾರಿದ್ದು ಮನೆಯವರಿಗೆ ತಿಳಿದದ್ದು ಅವಳ ಎಪ್ಪತ್ತನೇ ವಯಸ್ಸಿನಲ್ಲಿ. ಗಟ್ಟಿ ಮೈ ಎಂದು ನಾವು ಕರೆದದ್ದರಲ್ಲಿ ಹೇಳಿಕೊಳ್ಳದೆ ಉಳಿದ ನೋವೆಷ್ಟಿತ್ತೋ.

ಅವಳಿಗೆ ಎರಡು ತಿಂಗಳ ಸಂಬಳ ಕೊಟ್ಟು, ಮನೆಯಲ್ಲಿರು ಎಂದೆ. ಮನಸ್ಸು ಹಗುರಾಯಿತು. ಮೂರನೇ ದಿನ ಲಿಫ್ಟಿನ ಬಳಿ ಸಿಕ್ಕಳು, ಕೈಯಲ್ಲಿ ಬಕೆಟ್. ಇದೇ ಕಟ್ಟಡದ ಇನ್ನೂ ನಾಲ್ಕು ಮನೆಗಳು ಅವಳನ್ನು ಬಿಟ್ಟಿರಲಿಲ್ಲ. ಒಂದು ಮನೆಯ ಒಳ್ಳೆಯತನದಿಂದ ಬಾಣಂತನವಾಗುವುದಿಲ್ಲ.

ಆ ನಾಲ್ಕೂ ಮನೆಯವರ ಪರಿಚಯ ನನಗಿತ್ತು. ಹೋಗಿ ಕೇಳಬಹುದಿತ್ತು, ಸಂಕೋಚವಾಯಿತು. ಟೇಕಡಿಯ ಏರಿನಲ್ಲಿ ಉಸಿರು ಹಿಡಿತಕ್ಕೆ ಬಂದು ಮೈ ಹಗುರೆನಿಸಿದಾಗೆಲ್ಲ ಆ ಬಕೆಟ್ ನೆನಪಾಗುತ್ತದೆ. ನಾನು ಒತ್ತಬೇಕಾಗಿದ್ದು ನಾಲ್ಕು ಬೆಲ್ ಅಷ್ಟೆ.