ಆಟ ಕಟ್ಟುವವನ ಹೊಣೆ

ನಮ್ಮ ಬೆಳ್ತಂಗಡಿ ಸೀಮೆಯಿಂದ ಓದು ಮುಗಿಸಿ ಬೆಂಗಳೂರಿಗೆ ಹೋಗುವ ಯುವಜನರ ಮುಂದೆ ಇಂದು ಹಿರಿಯರು ಕೇಳರಿಯದ ಒಂದು ಉದ್ಯೋಗವಿದೆ: ಮಕ್ಕಳಿಗೆ ಲೆಕ್ಕ, ಭಾಷೆ, ವಿಜ್ಞಾನಗಳನ್ನು ಕಲಿಸುವ ಆಟಗಳನ್ನು ರಚಿಸುವುದು. ಬೆತ್ತದ ಭಯದಲ್ಲಿ ಮಗ್ಗಿ ಕಲಿತ ತಲೆಮಾರಿಗೆ, ನಗುತ್ತಾ ಕಲಿಯುವ ಮಗುವನ್ನು ಕಂಡರೆ ಸಂತೋಷವಾಗದಿರದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಾಠಕ್ಕೆಂದು ಆಟ ಕಟ್ಟಿದವನು ಮಗುವಿಗೆ ನಿಜವಾಗಿ ಕಲಿಸುವುದು ಏನನ್ನು?

ನಮ್ಮ ಮನೆಗಳಲ್ಲಿದ್ದ ಚೆನ್ನೆಮಣೆಯನ್ನೇ ನೋಡೋಣ. ಎರಡು ಸಾಲು, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿ. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಮಕ್ಕಳು ಎಣಿಕೆಯನ್ನೂ ಮುಂದಾಲೋಚನೆಯನ್ನೂ ಯಾರೂ ಹೇಳಿಕೊಡದೆಯೇ ಇದರಿಂದ ಕಲಿತರು. ಆದರೆ ಇದೇ ಮಣೆಯ ಸುತ್ತ ಒಂದು ಭಯಂಕರ ಕಥೆಯೂ ಇದೆ. ನಮ್ಮ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಇಲ್ಲಿಯ ವಿದ್ವಾಂಸರ ಜೊತೆಗೂಡಿ 1998ರಲ್ಲಿ ಪ್ರಕಟಿಸಿದರು; ಅದು ಹದಿನೈದು ಸಾವಿರ ಸಾಲುಗಳನ್ನೂ ಮೀರಿದ ಕಾವ್ಯ. ಸಿರಿಯ ಮೊಮ್ಮಕ್ಕಳಾದ ಅವಳಿಗಳು ಅಬ್ಬಗ ಮತ್ತು ದಾರಗ ಚೆನ್ನೆ ಆಡಲು ಕುಳಿತು, ಸೋಲು ಗೆಲುವಿನ ಜಗಳ ಬೆಳೆದು, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ಹಿರಿಯರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಹಾಗೆ ತೋರುವುದಿಲ್ಲ. ಎಣಿಸಲು ಕಲಿಸಿದ ಆಟವು ಸೋಲಲು ಕಲಿಸಿರಲಿಲ್ಲ. ಆ ಕೊರತೆಯನ್ನು ಮಣೆಯ ಹೊರಗಿನ ಒಂದು ಕಟ್ಟಳೆಯಿಂದ ಹಿರಿಯರು ತುಂಬಿದರು.

ಚೆನ್ನೆಯನ್ನು ಕಟ್ಟಿದವರು ಯಾರೋ ತಿಳಿಯದು. ಕಟ್ಟಿದವರು ಯಾರೆಂದು ಗೊತ್ತಿರುವ ಇನ್ನೊಂದು ಆಟವಿದೆ. ಅಮೆರಿಕದ ಎಲಿಜಬೆತ್ ಮೇಗಿ ಎಂಬ ಮಹಿಳೆ 1904ರಲ್ಲಿ ‘ಭೂಮಾಲೀಕನ ಆಟ’ ಎಂಬ ಹೆಸರಿನ ಹಲಗೆಯಾಟಕ್ಕೆ ಹಕ್ಕುಪತ್ರ ಪಡೆದರು. ಭೂಮಿ ಕೆಲವರ ಕೈಸೇರಿದಾಗ ಉಳಿದವರು ಬಾಡಿಗೆ ಕಟ್ಟಿಯೇ ಬರಿಗೈಯಾಗುವ ಅನ್ಯಾಯವನ್ನು ಆಟದಿಂದಲೇ ಜನರು ಮನಗಾಣಲಿ ಎಂಬುದು ಆಕೆಯ ಉದ್ದೇಶ. ಆಟವು ಕೈಯಿಂದ ಕೈಗೆ ದಾಟಿ ರೂಪಾಂತರಗೊಂಡು, 1935ರಲ್ಲಿ ‘ಮೊನೊಪಲಿ’ಯಾಗಿ ಮಾರುಕಟ್ಟೆಗೆ ಬಂತು. ನಮ್ಮ ಮಕ್ಕಳು ಮುಂಬಯಿ, ದೆಹಲಿಗಳನ್ನು ಕೊಳ್ಳುವ ‘ಬಿಸಿನೆಸ್’ ಆಟ ಅದರದೇ ಜಾಡಿನದು. ಇಂದು ಅದನ್ನು ಆಡುವ ಮಗುವಿಗೆ ಮೇಗಿಯ ಮರುಕ ತಲುಪುತ್ತದೆಯೇ? ತಂಗಿಯ ಕೊನೆಯ ನೋಟನ್ನೂ ಕಸಿದುಕೊಂಡಾಗ ಅದು ಕೇಕೆ ಹಾಕುತ್ತದೆ. ಮಗು ಓದುವುದು ಆಟ ಕಟ್ಟಿದವರ ಮನಸ್ಸನ್ನಲ್ಲ. ಯಾವುದಕ್ಕೆ ಗೆಲುವು ದೊರೆಯುತ್ತದೆ ಎಂಬ ನಿಯಮವನ್ನು.

ಈಗ ನಮ್ಮ ಕೈಯ ಮೊಬೈಲಿಗೆ ಬರೋಣ. ಸರಿಯುತ್ತರಕ್ಕೆ ನಕ್ಷತ್ರ, ಹತ್ತು ನಕ್ಷತ್ರಕ್ಕೆ ಪದಕ, ಪ್ರತಿದಿನ ತಪ್ಪದೆ ಬಂದರೆ ಮುರಿಯದ ಸರಣಿ. ಮಗು ಸದ್ದಿಲ್ಲದೆ ಕುಳಿತಿದೆ, ಕಲಿಯುತ್ತಿದೆ ಎಂದು ಹೆತ್ತವರಿಗೆ ನೆಮ್ಮದಿ. (ಆ ನೆಮ್ಮದಿಯಲ್ಲಿ ಸ್ವಲ್ಪ ಭಾಗ ಸದ್ದಿಲ್ಲದಿರುವುದಕ್ಕೇ ಸಲ್ಲುತ್ತದೆ.) ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ವಿಚಾರಾರ್ಹ. ಚಿತ್ರ ಬಿಡಿಸುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನವೆಂದು ಮೊದಲೇ ಹೇಳಲಾಯಿತು. ಕೆಲವು ದಿನಗಳ ಬಳಿಕ, ಬಹುಮಾನದ ಮಾತಿಲ್ಲದಾಗ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಇದ್ದ ಪ್ರೀತಿಯನ್ನೇ ಬಹುಮಾನವು ಕೂಲಿಯಾಗಿ ಮಾರ್ಪಡಿಸಿತ್ತು.

ಆಟ ರಚಿಸುವ ತರುಣನ ಸಂಕಟ ಇಲ್ಲಿಯೇ ಇದೆ. ಮಗು ಎಷ್ಟು ಹೊತ್ತು ಪರದೆಯ ಮುಂದೆ ಉಳಿಯಿತು ಎಂಬುದು ಸಂಬಳ ಕೊಡುವವರ ಅಳತೆ. ತನ್ನ ನೆರವಿಲ್ಲದೆ ಮಗು ಎಷ್ಟು ಬೇಗ ನಡೆಯಿತು ಎಂಬುದು ಗುರುವಿನ ಅಳತೆ. ಊರಿನ ಮನೆಯ ಸಾಲ ತೀರಿಸಬೇಕಾದವನು ಎರಡನೆಯ ಅಳತೆಯನ್ನೇ ಹಿಡಿಯಲಿ ಎಂದು ದೂರ ಕುಳಿತು ಉಪದೇಶಿಸುವುದು ಸುಲಭ. ನನಗೆ ಆ ಧೈರ್ಯವಿಲ್ಲ. ಆದರೆ ತಾನು ಬರೆಯುವ ಒಂದೊಂದು ನಿಯಮವೂ ಯಾವ ಅಳತೆಗೆ ಸೇರಿದ್ದೆಂದು ಅವನಿಗೆ ತಿಳಿದಿರಬೇಕು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಒಂದು ಕಲಿಕಾ ಏಣಿಯಿದೆ. ಅದರಲ್ಲಿ ಹಾವುಗಳಿಲ್ಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಹಲವು ದಿನ ಶಾಲೆ ತಪ್ಪಿದ ಮಗು ಮರಳಿದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮೊಬೈಲಿನ ಸರಣಿಯಾದರೋ ಒಂದು ದಿನ ತಪ್ಪಿದರೆ ಸೊನ್ನೆಗಿಳಿಯುತ್ತದೆ. ಎರಡೂ ಆಟಗಳೇ, ಎರಡೂ ಕಲಿಸುವವುಗಳೇ. ಇವೆರಡರಲ್ಲಿ ಒಂದನ್ನು ಆರಿಸುವ ಅಧಿಕಾರ ಕೆಲಸಕ್ಕೆ ಹೊಸಬನಾದ ನಮ್ಮೂರಿನ ತರುಣನಿಗೆ ಇರಲಿಕ್ಕಿಲ್ಲ. ಆದರೆ ಜ್ವರ ಬಂದು ಮೂರು ದಿನ ಮಲಗಿದ ಮಗು ನಾಲ್ಕನೆಯ ದಿನ ಈ ಆಟವನ್ನು ತೆರೆದಾಗ ಅದರ ಕಣ್ಣಿಗೆ ಮೊದಲು ಬೀಳಬೇಕಾದುದು ಏನೆಂದು ಅವನು ಕಚೇರಿಯ ಸಭೆಯಲ್ಲಿ ಕೇಳಬಹುದು.