ಬಿಡುವಿಲ್ಲದವನ ಹೊಳಪು

ಯಾವ ವಸ್ತುವನ್ನಾದರೂ ನಾವು ಎರಡು ಸಲ ಕೊಳ್ಳಬೇಕಾಗುತ್ತದೆ: ಒಮ್ಮೆ ಹಣ ಕೊಟ್ಟು, ಇನ್ನೊಮ್ಮೆ ಹೊತ್ತು ಕೊಟ್ಟು. ಹಣದ ಲೆಕ್ಕ ಅಂಗಡಿಯಲ್ಲಿಯೋ ಬ್ಯಾಂಕಿನಲ್ಲಿಯೋ ಎಂದಾದರೊಂದು ದಿನ ತೀರುತ್ತದೆ. ಹೊತ್ತಿನ ಲೆಕ್ಕವಾದರೋ ಆ ವಸ್ತು ಮನೆಯಲ್ಲಿರುವಷ್ಟು ಕಾಲವೂ ತೀರುವುದಿಲ್ಲ. ತಂಬಿಗೆಯಾದರೆ ಬೆಳಗಬೇಕು, ಪುಸ್ತಕವಾದರೆ ಗೆದ್ದಲು ಹತ್ತದಂತೆ ನೋಡಬೇಕು, ಹಸುವಾದರೆ ಮೈ ತೊಳೆಯಬೇಕು. ಕಾರು ಕೊಳ್ಳುವವನಿಗೆ ಮಾರುವವರು ಮೊದಲನೆಯ ಬೆಲೆಯನ್ನು ಮಾತ್ರ ಹೇಳುತ್ತಾರೆ.

ಕಳೆದ ವಿಜಯದಶಮಿಗೆ ಮುಂಚೆ ನಮ್ಮ ಮನೆಗೂ ಒಂದು ಕಾರು ಬಂದಿತು. ಬಣ್ಣ ಗಾಢವಾದ ನೀಲಿ; ಆರಿಸಿದವಳು ಮಗಳು. ಆಯುಧಪೂಜೆಯ ದಿನ ಚೆಂಡುಹೂವಿನ ಮಾಲೆ ಹಾಕಿಕೊಂಡು, ಎರಡು ಕಡೆ ಬಾಳೆಕಂದು ಕಟ್ಟಿಸಿಕೊಂಡು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ಅದು ನಿಂತಿದ್ದಾಗ ಅದರ ಬಾಗಿಲಿನಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಬಹುದಾಗಿತ್ತು. ಹಬ್ಬ ಮುಗಿಯಿತು. ನಾನು ಮತ್ತೆ ಕನ್ನಡ ಮೇಷ್ಟ್ರಾದೆ: ವಾರಕ್ಕೆ 16 ಗಂಟೆಯ ಪಾಠ, ಕಟ್ಟುಗಟ್ಟಲೆ ಉತ್ತರಪತ್ರಿಕೆ, ಹಾಜರಿಯನ್ನು ಕಂಪ್ಯೂಟರಿಗೆ ಏರಿಸುವ ಸೇವೆ, ಇವೆಲ್ಲಕ್ಕೂ ಮೇಲೆ ಬೆಂಗಳೂರಿನ ರಸ್ತೆಯಲ್ಲಿ ಕಳೆಯುವ ಹೊತ್ತು. ಉಳಿದದ್ದು ಭಾನುವಾರದ ಒಂದು ಗಂಟೆ. ಕಾರಿನ ಮೈಮೇಲಾದರೋ ಪ್ರತಿದಿನವೂ ಒಂದು ದಿನದ ಧೂಳು ಸೇರುತ್ತದೆ.

ಬಿಡುವಿಲ್ಲದವನಿಗೆ ತನ್ನ ವಸ್ತು ಹೊಳೆಯಬೇಕೆಂದು ಬಯಸುವ ಹಕ್ಕುಂಟೆ? ಉಂಟೆಂದಾದರೆ, ಆ ಹೊಳಪಿಗೆ ಬೇಕಾದ ಬಿಡುವು ಯಾರದು? ಮೇಲುನೋಟಕ್ಕೆ ಇದು ಬಟ್ಟೆ ಬಕೆಟ್ಟುಗಳ ಪ್ರಶ್ನೆಯಂತೆ ಕಾಣುತ್ತದೆ. ವಿಚಾರ ಮಾಡಿದರೆ ಅಷ್ಟು ಸಣ್ಣದಲ್ಲ.

ಸುಲಭವಾದ ಉತ್ತರವೊಂದಿದೆ. “ಕಾರು ಇರುವುದು ಓಡಾಡುವುದಕ್ಕೆ, ಮೈಬಣ್ಣದ ಗೊಡವೆ ಏಕೆ?” ಎಂದು ವಿರಕ್ತರಂತೆ ಹೇಳಿಬಿಡುವುದು. ಆದರೆ ಅಲಕ್ಷ್ಯಕ್ಕೂ ವೈರಾಗ್ಯಕ್ಕೂ ಬಹಳ ದೂರ. ಹಕ್ಕಿಯ ಹಿಕ್ಕೆಯನ್ನು ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಅದು ಬಣ್ಣವನ್ನು ತಿಂದು, ತೊಳೆದರೂ ಹೋಗದ ಕಲೆಯನ್ನು ಉಳಿಸುತ್ತದೆ. ಬಣ್ಣ ಕಿತ್ತು ಲೋಹ ಕಂಡ ಕಡೆ ತುಕ್ಕು ಹಿಡಿಯುತ್ತದೆ. ಗಣಿಯಿಂದ ಅದಿರು ತೆಗೆದವರು, ಉಕ್ಕು ಕಾಯಿಸಿದವರು, ಕಾರ್ಖಾನೆಯಲ್ಲಿ ತಿರುಪು ಬಿಗಿದವರು—ಎಷ್ಟೋ ಕೈಗಳ ದುಡಿಮೆ ಒಂದು ವಾಹನದಲ್ಲಿ ಅಡಗಿದೆ. ಹದಿನೈದು ವರ್ಷ ಬಾಳಬೇಕಾದದ್ದನ್ನು ಎಂಟು ವರ್ಷಕ್ಕೆ ಗುಜರಿಗೆ ಹಾಕುವವನು ಆ ದುಡಿಮೆಯನ್ನು ಪೋಲು ಮಾಡಿದವನು. ಅವನನ್ನು ವಿರಕ್ತನೆಂದು ಕರೆಯಲಾಗದು.

ಇದರ ಎದುರು ತುದಿಯಲ್ಲಿ ಇನ್ನೊಂದು ಜಾತಿಯವರಿದ್ದಾರೆ. ಹೊಸ ಕಾರಿನ ಸೀಟಿಗೆ ಹೊದಿಸಿ ಬಂದ ಪ್ಲಾಸ್ಟಿಕ್ಕನ್ನು ವರ್ಷ ಕಳೆದರೂ ಇವರು ತೆಗೆಯುವುದಿಲ್ಲ. ಬೇಸಗೆಯಲ್ಲಿ ಬೆನ್ನು ಬೆವೆತು ಅಂಟಿದರೂ ಸರಿಯೆ, ಸೀಟು ಹೊಸದಾಗಿಯೇ ಇರಬೇಕು. ಸೀಟನ್ನು ಬೆನ್ನಿನಿಂದ ರಕ್ಷಿಸುವುದಾದರೆ ಸೀಟು ಇರುವುದಾದರೂ ಯಾರಿಗೆ? ಎಂದೋ ಒಂದು ದಿನ ಅದನ್ನು ಮಾರಿದಾಗ ಆ ಹೊಸತನವೆಲ್ಲ ಮುಂದಿನವನ ಪಾಲಾಗುತ್ತದೆ.

ಈ ಎರಡು ತುದಿಗಳ ನಡುವೆ ನಿಂತ ನಮ್ಮಂಥ ಸಾಮಾನ್ಯರನ್ನು ಕಾಡುವುದು ಒಂದು ಹಳೆಯ ನಂಬಿಕೆ: ಉಜ್ಜಿದಷ್ಟೂ ಹೊಳಪು. ಇದು ನಮಗೆ ಹಿತ್ತಾಳೆಯಿಂದ ಬಂದ ಪಾಠ. ನಮ್ಮ ಅಜ್ಜಿ ಶುಕ್ರವಾರ ಹುಣಸೆಹಣ್ಣು, ಬೂದಿ ಹಾಕಿ ದೀಪದ ಕಂಬಗಳನ್ನು ತಿಕ್ಕುತ್ತಿದ್ದರು. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ, ಬೂದಿ ಅದನ್ನು ಕೆರೆದು ತೆಗೆಯುತ್ತದೆ, ಕೆಳಗಿನ ಹೊಸ ಹಿತ್ತಾಳೆ ಹೊರಬರುತ್ತದೆ. ಹಿತ್ತಾಳೆ ಒಳಗೂ ಹೊರಗೂ ಒಂದೇ. ಮೂರು ತಲೆಮಾರು ತಿಕ್ಕಿದರೂ ಕೊಡಲು ಅದರಲ್ಲಿ ಹೊಳಪು ಉಳಿದಿರುತ್ತದೆ.

ಕಾರಿನ ಮೈ ಹಾಗಲ್ಲ. ಲೋಹದ ಹಾಳೆಯ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ತಳಬಣ್ಣ, ಅದರ ಮೇಲೆ ನಾವು ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಒಂದು ತಿಳಿಯಾದ ಲೇಪ. ನಾಲ್ಕೂ ಸೇರಿದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಹೊಳಪು ಮುಖ್ಯವಾಗಿ ಇರುವುದು ಆ ಮೇಲಿನ ಲೇಪದಲ್ಲಿ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳ್ಳಗೆ. ಅದು ಸವೆದರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ರಸ್ತೆಯ ಧೂಳಿನಲ್ಲಾದರೋ ಬೆಣಚುಕಲ್ಲಿನ ಹರಳುಗಳಿವೆ. ಅವು ಆ ಲೇಪಕ್ಕಿಂತ ಬಹುಪಾಲು ಗಡಸು. ಒಣ ಬಟ್ಟೆಯಿಂದ ಆ ಧೂಳನ್ನು ಒರೆಸುವುದೆಂದರೆ ಮೆತ್ತನೆಯ ಮರಳುಕಾಗದದಿಂದ ಉಜ್ಜಿದಂತೆ. ದಿನವೂ ಒರೆಸಿದ ಕಪ್ಪು ಅಥವಾ ನೀಲಿ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿ. ಜೇಡರಬಲೆ ನೇಯ್ದಂತೆ ಸುತ್ತುಸುತ್ತಾದ ಗೀರುಗಳು ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಹೊಳಪಿಗಾಗಿ ಪಟ್ಟ ಶ್ರಮದ ಗುರುತುಗಳೇ.

ಇನ್ನು ದಿನವೂ ಒರೆಸುವವರ ಮಾತು. ನಾವಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಯಾದಗಿರಿಯ ಕಡೆಯ ಹುಡುಗನೊಬ್ಬ ನಸುಕಿನಲ್ಲಿ ಕಾರುಗಳನ್ನು ಒರೆಸುತ್ತಾನೆ. ನಾಲ್ಕೂವರೆಗೆ ಆರಂಭ, ಏಳೂವರೆಗೆ ಕಚೇರಿಗೆ ಹೊರಡುವವರು ಇಳಿದು ಬರುತ್ತಾರೆ. ಒಂದು ದಿನ ಬೇಗ ಹೊರಡಬೇಕಾಗಿ ಬಂದು ಇಳಿದುಹೋದಾಗ ಕೇಳಿದೆ:

“ಏನಪ್ಪಾ, ಎಷ್ಟು ಗಾಡಿ ನಿನಗೆ?”

“ಮೂವತ್ತು ಅದಾವ್ರಿ ಸರ. ಏಳೂವರಿಯೊಳಗ ಮುಗೀಬೇಕ್ರಿ.”

“ನೀರು?”

“ಐದಾರು ಗಾಡಿಗೆ ಒಂದು ಬಕೆಟ್ರಿ. ಅದಕ್ಕ ಹೆಚ್ಚು ಕೊಡಂಗಿಲ್ರಿ.”

ಮೂರು ಗಂಟೆಗೆ ಮೂವತ್ತು ಗಾಡಿ. ಗಾಡಿಗೆ ಆರು ನಿಮಿಷ. ಐದನೆಯ ಗಾಡಿಗೆ ಬರುವ ಹೊತ್ತಿಗೆ ಬಕೆಟ್ಟಿನಲ್ಲಿರುವುದು ಮೊದಲ ನಾಲ್ಕು ಗಾಡಿಗಳ ಮಣ್ಣು. ಅವನ ಕೆಲಸದಲ್ಲಿ ತಪ್ಪಿಲ್ಲ. ಆ ಆರು ನಿಮಿಷದಲ್ಲಿ ಬೇರೆ ಯಾರೂ ಬೇರೆ ಏನನ್ನೂ ಮಾಡಲಾರರು.

ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕೂಲಿಗಾಗಿ ಪಾಠ ಹೇಳುವ ನಾನು ಹಾಗೆ ಹೇಳಿದರೆ ವಿದ್ಯಾರ್ಥಿಗಳು ನಕ್ಕಾರು. ದುಡಿಮೆಗೆ ಹಣ ತಕ್ಕ ಮಟ್ಟಿಗೆ ಸಮವಾಗಬಹುದು. ಆದರೆ ನಾವು ತಿಂಗಳ ಕೊನೆಗೆ ಹಣ ಕೊಟ್ಟು ಕೊಳ್ಳುತ್ತಿರುವುದು ಅವನ ದುಡಿಮೆಯನ್ನಲ್ಲ, ಅವನ ಆತುರವನ್ನು. ನಮಗೆ ಬಿಡುವಿಲ್ಲವಾದ್ದರಿಂದ ನಮ್ಮ ಅವಸರವನ್ನು ಅವನ ನಸುಕಿಗೆ ಇಳಿಸಿದ್ದೇವೆ. ಆತುರಕ್ಕೆ ಒಂದು ಗುಣವುಂಟು: ಯಾರ ಕೈಗೆ ಇಳಿದರೂ ಅದು ಕೆಲಸವನ್ನು ಕೆಡಿಸದೆ ಬಿಡುವುದಿಲ್ಲ. ಅವನ ನಿದ್ದೆಯೂ ಹೋಯಿತು, ನಮ್ಮ ಕಾರಿನ ಹೊಳಪೂ ಹೋಯಿತು. ಇಬ್ಬರ ಹಿತವೂ ಇಲ್ಲಿ ಬೇರೆ ಬೇರೆಯಾಗಿಲ್ಲವೆಂಬುದೇ ನನಗೆ ಆಶ್ಚರ್ಯ.

ನೀರಿನ ಮಾತನ್ನೂ ಬಿಡುವಂತಿಲ್ಲ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪುಗಳು ಎತ್ತಿದರೆ. ಏರಬೇಕಾದ ಎತ್ತರ ಹತ್ತಿರ ಹತ್ತಿರ ಅರ್ಧ ಕಿಲೋಮೀಟರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯಕೂಡದೆಂದು ಜಲಮಂಡಳಿ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿತು. ಮೀರಿದವರಿಗೆ 5,000 ರೂಪಾಯಿ ದಂಡ. ಕೊಡಕ್ಕೆ ಕಾದು ನಿಂತವರ ಎದುರಿಗೆ ಪೈಪು ಹಿಡಿದು ಚಕ್ರ ತೊಳೆಯುವುದನ್ನು ತಡೆಯಲು ಒಂದು ದಂಡ ಬೇಕಾಯಿತೆಂಬುದು ನಮ್ಮ ನಾಗರಿಕತೆಗೆ ಭೂಷಣವಲ್ಲ.

ಹಾಗಾದರೆ ಬಿಡುವಿಲ್ಲದವನು ಏನು ಮಾಡಬೇಕು? ನಾನು ಕಂಡುಕೊಂಡ ಮಟ್ಟಿಗೆ ಹೇಳುತ್ತೇನೆ. ಕೆಲಸವನ್ನು ಬೇಗ ಮಾಡುವುದಕ್ಕಿಂತ ಅಪರೂಪಕ್ಕೆ ಮಾಡುವುದು ಮೇಲು. ಮಾಡಿದ ದಿನ ನಿಧಾನವಾಗಿ ಮಾಡಬೇಕು. ವಾರಕ್ಕೊಮ್ಮೆ, ನೆರಳಿನಲ್ಲಿ, ಮೊದಲು ನೀರು ಹಾಕಿ ಮಣ್ಣನ್ನು ನೆನೆಸಿ ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಸೋಪಿನ ನೀರಿಗೆ ಒಂದು ಬಕೆಟ್ಟು, ಬಟ್ಟೆ ಜಾಲಿಸಲು ಇನ್ನೊಂದು. ಚಕ್ರಕ್ಕೆ ಬೇರೆ ಬಟ್ಟೆ. ಕೊಳವೆಬಾವಿಯ ನೀರಾದರೆ ಮೈಮೇಲೆ ಆರುವ ಮೊದಲೇ ಒರೆಸಬೇಕು; ಇಲ್ಲವಾದರೆ ಸುಣ್ಣದ ಚುಕ್ಕೆಗಳು ನಿಲ್ಲುತ್ತವೆ. ವರ್ಷಕ್ಕೆ ಎರಡು ಮೂರು ಸಲ ಮೇಣ ಹಚ್ಚಿದರೆ ಧೂಳು ಸುಲಭವಾಗಿ ಬಿಟ್ಟುಬರುತ್ತದೆ. ನಡುವಿನ ದಿನಗಳಲ್ಲಿ ಧೂಳನ್ನು ಧೂಳಿನ ಪಾಡಿಗೆ ಬಿಡುವುದೇ ಲೇಸು. ಹಕ್ಕಿಯ ಹಿಕ್ಕೆಯಂಥದು ಮಾತ್ರ ಕಾಯುವುದಿಲ್ಲ; ಅದರ ಮೇಲೆ ಐದು ನಿಮಿಷ ಒದ್ದೆ ಬಟ್ಟೆ ಹಾಕಿಟ್ಟು, ನೆನೆದ ಮೇಲೆ ಎತ್ತಿಬಿಡಬೇಕು. ಇಷ್ಟಕ್ಕೆ ಎಂಥ ಮೇಷ್ಟ್ರಿಗೂ ಬಿಡುವು ಸಿಗುತ್ತದೆ.

ಈ ಏರ್ಪಾಡನ್ನು ಆ ಹುಡುಗನಿಗೆ ಹೇಳಿದೆ. ದಿನವೂ ಒರೆಸುವುದು ಬೇಡ. ಶನಿವಾರ ಮಾತ್ರ ಇಪ್ಪತ್ತು ನಿಮಿಷ, ಎರಡು ಬಕೆಟ್ಟು. ಅವನು ಬಟ್ಟೆ ಹಿಂಡುತ್ತ ನಿಂತು ನನ್ನ ಮುಖ ನೋಡಿದ.

“ಪಗಾರ ಕಡಿಮಿ ಮಾಡ್ತೀರೇನ್ರಿ ಸರ?”

“ಇಲ್ಲಪ್ಪಾ, ಈಗ ಎಷ್ಟೋ ಅಷ್ಟೇ.”

“ಮತ್ತ ಉಳಿದ ದಿನ ಗಾಡಿ ಹೊಲಸ ಕಂಡ್ರ, ನಾ ಬಂದಿಲ್ಲಂತ ಬರ್ಕೋತಾರ್ರಿ.”

ಅವನ ಹೆದರಿಕೆ ನ್ಯಾಯವಾದದ್ದೇ. ಹೊಳಪಿಲ್ಲದಿರುವುದು ನನಗೆ ಒಂದು ಅಭಿಪ್ರಾಯ. ಅವನಿಗೆ ಒಂದು ದಿನದ ಕೂಲಿ. ಆದ್ದರಿಂದ ನಾಲ್ಕು ಸಾಲು ಬರೆದು ಮೇಲ್ವಿಚಾರಕರಿಗೆ ಕೊಡಬೇಕಾಯಿತು. ನೆರೆಯವರನ್ನೂ ಕೇಳಿದೆ. “ದಿನಾ ಒರೆಸದಿದ್ದರೆ ಪೂರ್ತಿ ದುಡ್ಡು ಯಾಕೆ ಮೇಷ್ಟ್ರೇ?” ಎಂದು ಹಲವರು ನಕ್ಕರು. ಅದೂ ತೆಗೆದುಹಾಕುವ ಮಾತಲ್ಲ. ಸಂಬಳದಲ್ಲಿ ಸಂಸಾರ ನಡೆಸುವವರ ಮಾತು. ನನ್ನನ್ನು ಸೇರಿಸಿ ಒಪ್ಪಿದವರು ನಾಲ್ವರು. ನಾಲ್ಕು ಆರಲ ಇಪ್ಪತ್ತನಾಲ್ಕು: ತೊಳೆಯುವ ಸರದಿಯಿಲ್ಲದ ದಿನ ಅವನು ಅಷ್ಟು ನಿಮಿಷ ತಡವಾಗಿ ಏಳಬಹುದು, ಇಲ್ಲವೆ ಉಳಿದ ಗಾಡಿಗಳಿಗೆ ಸುಮಾರು ಒಂದೊಂದು ನಿಮಿಷ ಹೆಚ್ಚು ಕೊಡಬಹುದು. ಯಾವುದನ್ನು ಮಾಡುತ್ತಾನೆಂದು ನಾನು ಕೇಳಿಲ್ಲ. ಅದು ಅವನ ಬಿಡುವು.

ಈಗ ನಮ್ಮ ಕಾರು ಬುಧವಾರದ ಹೊತ್ತಿಗೆ ಮಂಕಾಗಿರುತ್ತದೆ. ಮೊದಮೊದಲು ಇದು ಕಣ್ಣಿಗೆ ಚುಚ್ಚುತ್ತಿತ್ತು. ಆಗ ನಂಜನಗೂಡಿನ ತೇರುಗಳು ನೆನಪಾಗುತ್ತವೆ. ದೊಡ್ಡ ಜಾತ್ರೆ ವರ್ಷಕ್ಕೊಮ್ಮೆ. ಅಂದು ಐದು ತೇರುಗಳು ಬಟ್ಟೆ ಬಾವುಟ ಹೂವುಗಳಿಂದ ತುಂಬಿ ಎದ್ದು ನಿಲ್ಲುತ್ತವೆ. ಉಳಿದ ತಿಂಗಳುಗಳಲ್ಲಿ ಅವು ಸುಮ್ಮನೆ ಮರದ ಬಣ್ಣದಲ್ಲಿ ನಿಂತಿರುತ್ತವೆ. ಅದರಿಂದ ದೇವರ ಮಹಿಮೆಗೆ ಕುಂದು ಬಂತೆಂದು ಯಾರೂ ಹೇಳಿದ್ದಿಲ್ಲ. ದೇವರ ರಥಕ್ಕೆ ವರ್ಷಕ್ಕೊಂದು ದಿನದ ವೈಭವ ಸಾಕಾದರೆ, ಕಾಲೇಜಿಗೆ ಹೋಗಿಬರುವ ನನ್ನ ರಥಕ್ಕೆ ವಾರಕ್ಕೊಂದು ದಿನ ಸಾಲದೆ?

ಜೋಪಾನಕ್ಕೂ ಹೊಳಪಿನ ಹುಚ್ಚಿಗೂ ಗೆರೆ ಎಲ್ಲಿ ಎಂದು ಕೇಳುವವರುಂಟು. ಅದಕ್ಕೆ ಒಂದು ಪರೀಕ್ಷೆಯನ್ನು ನಾನು ನೆಲಮಾಳಿಗೆಯಲ್ಲಿಯೇ ಕಂಡೆ. ಧೂಳು ಕೂತ ಕಾರೊಂದರ ಹಿಂದಿನ ಗಾಜಿನ ಕೆಳಗೆ ಐದು ವರ್ಷದ ಮಗುವೊಂದು ಬೆರಳಿನಿಂದ ಆನೆ ಬರೆಯುತ್ತಿತ್ತು. ಒಡೆಯರು ಗದರಿದ ದನಿಗೆ ಮಗು ಬೆಚ್ಚಿ, ಆನೆಗೆ ಬಾಲ ಬರೆಯದೆಯೇ ಓಡಿಹೋಯಿತು. ಬೆರಳಿನ ಕೆಳಗಿನ ಮಣ್ಣು ಬಣ್ಣವನ್ನು ಗೀರುತ್ತದೆಂಬುದು ನಿಜ. ನಾನೇ ಮೇಲೆ ಅದನ್ನು ವಿವರಿಸಿದ್ದೇನೆ. “ಬೇಡ ಮರಿ, ಗೀರಾಗುತ್ತೆ, ಬಾ, ಕಾಗದ ಕೊಡ್ತೀನಿ” ಎನ್ನಲು ಬಾಯಿ ಬರುವವರೆಗೆ ಅದು ಜೋಪಾನ. ಅಷ್ಟು ಹೇಳಲೂ ವ್ಯವಧಾನವಿಲ್ಲವಾದರೆ, ಕಾರು ಎಷ್ಟು ಹೊಳೆದರೂ ನಾವು ಮಂಕಾದೆವೆಂದೇ ಲೆಕ್ಕ.